ಮೂರನೆಯ ದೀಪ ಬೇಡ

ಮೂವತ್ತೊಂದು ವರ್ಷದಿಂದ ಊರವರ ಬಟ್ಟೆಯ ತೂತು ಮುಚ್ಚುತ್ತ ಬಂದ ರಫೂ ಅಕ್ಕನಿಗೆ, ತನ್ನ ಮಾತಿನಲ್ಲಿ ಯಾರಾದರೂ ತೂತು ಹುಡುಕಿದರೆ ಮೈ ಉರಿಯುತ್ತಿತ್ತು.

ಅವಳು ಕೂರುತ್ತಿದ್ದದ್ದು ಡ್ರೈ ಕ್ಲೀನಿಂಗ್ ಅಂಗಡಿಯ ಪಕ್ಕ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಸೂರು ಇಳಿಜಾರು. ಎತ್ತರದ ಗಿರಾಕಿಗಳು ಮೊದಲ ಸಲ ತಲೆ ಬಡಿಸಿಕೊಳ್ಳುತ್ತಿದ್ದರು, ಎರಡನೇ ಸಲದಿಂದ ನಮಸ್ಕಾರಕ್ಕೆ ಬಂದವರ ಹಾಗೆ ಬಗ್ಗಿಯೇ ಬರುತ್ತಿದ್ದರು. ವ್ಯಾಪಾರಕ್ಕೆ ಇದು ಒಳ್ಳೆಯದೇ. ಬಗ್ಗಿ ಒಳಗೆ ಬಂದವರು ಚೌಕಾಸಿಗೆ ನಿಲ್ಲುವುದು ಕಡಿಮೆ.

ರಫೂ ಎಂದರೆ ತೇಪೆ ಹಾಕಿ ಕಳಿಸುವ ಕೆಲಸವಲ್ಲ. ಸಿಗರೇಟಿನ ಕಿಡಿ ಬಿದ್ದ ಪ್ಯಾಂಟೋ ಹುಳ ತಿಂದ ಶಾಲೋ ಬಂದರೆ, ಅದೇ ಬಟ್ಟೆಯ ಒಳಹೊಲಿಗೆಯಿಂದ ಎಳೆ ಬಿಡಿಸಿ, ಉದ್ದಕ್ಕೊಂದು ಅಡ್ಡಕ್ಕೊಂದು ಹಾಯಿಸಿ, ನೇಯ್ಗೆಯನ್ನೇ ಮತ್ತೆ ಹುಟ್ಟಿಸಬೇಕು. ಚೆನ್ನಾಗಿ ಮಾಡಿದರೆ ಏನೂ ಮಾಡಿಲ್ಲದ ಹಾಗೆ ಕಾಣುತ್ತದೆ. ಹಾಗಾಗಿ ಕೂಲಿ ಕೊಡುವ ಹೊತ್ತಿಗೆ ಗಿರಾಕಿ ಬಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ, "ಏನು ಮಾಡಿದೀರಿ ಇಲ್ಲಿ?" ಎಂದು ಕೇಳುವುದು ವಾಡಿಕೆ.

"ಹುಡುಕಿ. ಸಿಕ್ಕಿದ್ರೆ ದುಡ್ಡು ಬೇಡ," ಎನ್ನುತ್ತಿದ್ದಳು ರಫೂ ಅಕ್ಕ. ಇಷ್ಟು ವರ್ಷದಲ್ಲಿ ಯಾರಿಗೂ ಸಿಕ್ಕಿರಲಿಲ್ಲ.

ಗಂಡ ಒಂದು ದೊಡ್ಡ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಲಿಫ್ಟು ಓಡಿಸಿ ನಿವೃತ್ತನಾದವನು. ಕೆಲಸದ ಲೆಕ್ಕದಲ್ಲಿ ದಿನಕ್ಕೆ ನೂರು ಸಲ ಮೇಲೇರಿ ನೂರು ಸಲ ಕೆಳಗಿಳಿದು, ಸಂಬಳದ ಲೆಕ್ಕದಲ್ಲಿ ಇದ್ದಲ್ಲೇ ಇದ್ದವನು. ಅಂಥವನ ಮನೆ ಲಿಫ್ಟಿಲ್ಲದ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಓಣಿಯವರು ಅವನನ್ನು ಲಿಫ್ಟಣ್ಣ ಎಂದು ಕರೆಯುತ್ತಿದ್ದರು. ಮೆಟ್ಟಿಲು ಹತ್ತಿ ಏದುಸಿರು ಬಿಡುವಾಗ ಆ ಹೆಸರು ಅವನಿಗೆ ಅಷ್ಟಾಗಿ ಹಿಡಿಸುತ್ತಿರಲಿಲ್ಲ.

ಆ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಗೆ ದೂರವಾಗಿ, ಎರಡೂವರೆ ಅಡಿಯ ಗಾಜಿನ ತೊಟ್ಟಿ. ಅದರಲ್ಲಿ ಉಪ್ಪುನೀರು, ನೀರಿನಲ್ಲಿ ಜೀವಂತ ಹವಳ. ಕೆಲವು ಗುಂಡಿಯ ಹಾಗೆ, ಒಂದು ಹದ ಮಾಡಿದ ತೊಗಲಿನ ಹಾಗೆ, ಎಲ್ಲವೂ ಮೆತ್ತನೆ ಜಾತಿಯವು. ತಲೆಯ ಮೇಲೊಂದು ದೀಪ. ಎರಡು ವರ್ಷದಿಂದ ಅವು ಯಾವ ತಕರಾರೂ ಇಲ್ಲದೆ ಬದುಕಿದ್ದವು. ಯಾಕಮ್ಮ ಈ ಉಸಾಬರಿ ಎಂದು ಕೇಳಿದವರಿಗೆ ಅವಳ ಉತ್ತರ ಒಂದೇ: "ದಿನಾ ಹರಿದಿದ್ದನ್ನ ನಾನು ನೇಯ್ತೀನಿ. ಮನೇಲಿ ತನ್ನಷ್ಟಕ್ಕೆ ತಾನೇ ನೇಯ್ಕೊಳ್ಳೋದು ಒಂದಾದ್ರೂ ಇರ್ಲಿ."

ಜಗಳ ಶುರುವಾದದ್ದು ಒಂದು ಜಾಕೆಟ್ಟಿನಿಂದ. ಹವಳ ಮಾರುವ ಅಂಗಡಿಯ ಯಜಮಾನನನ್ನು ಅವಳು ಉಪ್ಪುನೀರಿನ ಸಾಹುಕಾರ ಎಂದು ಕರೆಯುತ್ತಿದ್ದಳು, ಎದುರಿಗೂ ಹಾಗೇ. ಅವನ ಉಣ್ಣೆ ಜಾಕೆಟ್ಟಿನ ತೋಳು ಸುಟ್ಟಿತ್ತು, ಸರಿಮಾಡಿ ಕೊಡಲು ಹೋಗಿದ್ದಳು. ಮೂಲೆಯ ಉಪ್ಪುನೀರಿನ ತಟ್ಟೆಯಲ್ಲಿ, ಮಬ್ಬು ಬೆಳಕಿನಲ್ಲಿ, ಹವಳದ ಬೆರಳುದ್ದದ ಕೊಂಬೆಯೊಂದು ಬಿದ್ದಿತ್ತು. ಕಂದು ಬಣ್ಣ, ನೋಡಲು ಒಣಗಿದ ಶುಂಠಿ.

"ಇದೇನ್ರೀ, ಇಲ್ಲಿ ಬಿದ್ದಿದೆ?"

"ಅದಾ? ಮುರಿದ ಕೊಂಬೆ ಅಕ್ಕ. ಬಣ್ಣ ಬಂದ್ರೆ ತುದಿ ನೀಲಿ ಆಗತ್ತೆ. ಬಂದಿಲ್ಲ, ಯಾರೂ ಕೇಳ್ತಿಲ್ಲ."

"ಜಾಕೆಟ್ಟಿಗೆ ಕೂಲಿ ಬೇಡ, ಇದನ್ನ ಕೊಡಿ."

ಸಾಹುಕಾರ ಕೂತಲ್ಲಿಂದ ಎದ್ದ. ಮಾರಾಟವಾಗದ್ದಕ್ಕೆ ತಾನಾಗಿ ಗಿರಾಕಿ ಬಂದರೆ ಯಾವ ಅಂಗಡಿಯವನಿಗಾದರೂ ಕಾಲಿಗೆ ಬಲ ಬರುತ್ತದೆ. "ಕೊಡ್ತೀನಿ. ಆದ್ರೆ ನಿಮ್ಮ ಮನೇಲಿರೋದು ಒಂದೇ ದೀಪ. ನಿಮ್ಮ ಮೆತ್ತನೆ ಹವಳ ಮಬ್ಬಲ್ಲೂ ಕಾಲ ಹಾಕತ್ತೆ. ಇದು ಗಟ್ಟಿ ಜಾತಿ, ಬೆಳಕೇ ಇದರ ಊಟ. ಮೂರು ದೀಪ ಬೇಕು."

"ಮೂರು ದೀಪ ಬೇಕಾಗಿರೋದು ಇದಕ್ಕಾ, ನಿಮಗಾ?"

"ನಗಿ ನಗಿ. ಮೂರಿಲ್ದೆ ಇದು ಮೂರು ತಿಂಗಳು ಬದುಕಲ್ಲ. ಸಾಯೋ ಹಾಗಾದ್ರೆ ಹಟ ಮಾಡ್ದೆ ವಾಪಸ್ ತಂದ್ಕೊಡಿ. ನನ್ನ ದೊಡ್ಡ ತೊಟ್ಟೀಲಿ ಬದುಕಿಸ್ಕೊಳ್ತೀನಿ."

"ತರಲ್ಲ," ಎಂದಳು ರಫೂ ಅಕ್ಕ. ಹೇಳಿ ಮುಗಿಸುವ ಮೊದಲೇ ಕೊಂಬೆ ನೀರು ತುಂಬಿದ ಚೀಲದಲ್ಲಿತ್ತು.

ಒಂದು ದೀಪ ಸಾಲದು ಎನ್ನುವುದನ್ನು ಅವಳೂ ಒಪ್ಪಿದಳು. ಮೂರು ಹೆಚ್ಚು ಎಂದು ಅವಳ ಒಳಮನಸ್ಸು ಹೇಳಿತು. ಎರಡನೆಯದನ್ನು ಕೊಂಡು ತಂದಳು. ಲಿಫ್ಟಣ್ಣ ಸೂರಿಗೆ ಕೊಕ್ಕೆ ಹೊಡೆದು, ಸರಪಳಿಯ ಕೊಂಡಿ ಎಣಿಸಿ, ಎರಡನ್ನೂ ಒಂದೇ ಮಟ್ಟಕ್ಕೆ ತೂಗುಹಾಕಿದ. ಕೊಂಬೆಗೆ ದೀಪದ ನೇರ ಕೆಳಗಿನ ಕಲ್ಲು ಸಿಕ್ಕಿತು, ಹಳೆಯ ಮೆತ್ತನೆಯವಕ್ಕೆ ಕಲ್ಲಿನ ಕೆಳಗಿನ ನೆರಳು. ಒಂದೊಂದರಲ್ಲೂ ಎರಡು ಗುಂಡಿ, ಬಿಳಿ ಬೆಳಕಿಗೊಂದು, ನೀಲಿ ಬೆಳಕಿಗೊಂದು. ಎಷ್ಟು ತಿರುಗಿಸಬೇಕು ಎನ್ನುವುದಕ್ಕೆ ಅವಳ ಬಳಿ ಹಳೆಯ ಅಳತೆಯಿತ್ತು. ಮೆಟ್ಟಿಲ ಕೆಳಗಿನ ಕೋಣೆಗೆ ಬಲ್ಬು ಆಯ್ದದ್ದೂ ಹಾಗೆಯೇ: ಕಪ್ಪು ಬಟ್ಟೆಯ ಮೇಲೆ ಕಪ್ಪು ಎಳೆ ಕಂಡರೆ ಬೆಳಕು ಸಾಕು, ಕಾಣದಿದ್ದರೆ ಸಾಲದು. ಬಟ್ಟೆಯ ತುಂಡನ್ನು ಗಾಜಿನ ಹತ್ತಿರ ಹಿಡಿದಳು. ಎಳೆ ಕಾಣಲಿಲ್ಲ. ಬಿಳಿ ಗುಂಡಿ ತಿರುಗಿಸಿದಳು, ಸ್ವಲ್ಪ ಕಂಡಿತು. ನೀಲಿ ಗುಂಡಿ ತಿರುಗಿಸಿದಳು, ಏನೂ ಆಗಲಿಲ್ಲ. ಇನ್ನೂ ತಿರುಗಿಸಿದಳು.

"ನೀಲಿ ಗುಂಡಿ ಕೆಟ್ಟಿದೆ ನೋಡ್ರೀ. ಸಾಹುಕಾರ ಹಳೇದನ್ನ ದಾಟಿಸಿದಾನೆ."

"ಕೆಟ್ಟಿಲ್ಲ ಕಣೇ. ಗೋಡೆಯೆಲ್ಲ ನೀಲಿ ಆಗಿದೆ."

"ತಮಾಷೆ ಸಾಕು."

ಕೊನೆಗೆ ನಾಲ್ಕು ಗುಂಡಿಗಳೂ ತುದಿ ಮುಟ್ಟಿದವು. ಎಳೆ ಕಂಡಿತು, ಅವಳಿಗೆ ಸಮಾಧಾನವಾಯಿತು. ಲಿಫ್ಟಣ್ಣ ಮಾತ್ರ ಮರುದಿನದಿಂದ ಮುಂದಿನ ಕೋಣೆಗೆ ಬರುವಾಗ ಹಳೆಯ ಯೂನಿಫಾರಮ್ಮಿನ ಟೋಪಿ ಹಾಕಿಕೊಂಡು, ಅದರ ಅಂಚನ್ನು ಹುಬ್ಬಿನವರೆಗೆ ಎಳೆದುಕೊಂಡು ಬರತೊಡಗಿದ.

"ಕಣ್ಣು ಕುಕ್ಕತ್ತೆ ಮಾರಾಯ್ತಿ."

"ವಯಸ್ಸಾಯ್ತು ನಿಮಗೆ."

ಒಂಬತ್ತನೇ ದಿನ ಕೊಂಬೆಯ ತುದಿ ಬಿಳಿಚಿತು. ಹದಿನೈದನೇ ದಿನಕ್ಕೆ ಮೇಲ್ಭಾಗವೆಲ್ಲ ಸುಣ್ಣ ಬಳಿದ ಹಾಗಾಗಿತ್ತು. ಜೀವವಿರುವ ಹವಳದ ಮೈಮೇಲೆ ಕೂದಲಿನ ಹಾಗೆ ಆಡುವ ಸಣ್ಣ ಬಾಯಿಗಳು ಒಳಸೇರಿಬಿಟ್ಟಿದ್ದವು. ಅವಳು ಫೋಟೋ ತೆಗೆದುಕೊಂಡು ಅಂಗಡಿಗೆ ಹೋದಳು. ಸಾಹುಕಾರ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ವೈದ್ಯರ ಮುಖ ಮಾಡಿಕೊಂಡ.

"ಹಸಿವು. ಬೆಳಕು ಸಾಲ್ದೆ ಸೊರಗಿದೆ. ನಾನು ಹೇಳಿರ್ಲಿಲ್ವಾ? ಮೂರನೇ ದೀಪ ಇವತ್ತೇ ತಗೊಂಡು ಹೋಗಿ. ಇಲ್ಲ ಅಂದ್ರೆ ಕೊಂಬೆ ತಂದ್ಕೊಡಿ."

ಅವನಿಗೆ ಮೋಸದ ಉದ್ದೇಶವಿರಲಿಲ್ಲ. ಕಪಾಟಿನ ತುಂಬ ದೀಪ ಇಟ್ಟುಕೊಂಡವನ ಕಣ್ಣಿಗೆ ಬರುವ ಗಿರಾಕಿಯೆಲ್ಲ ಕತ್ತಲೆಯಲ್ಲಿರುವಂತೆಯೇ ಕಾಣುತ್ತಾನೆ, ಅಷ್ಟೇ. ಅವಳು ದೀಪದ ಡಬ್ಬಿಯ ಮೇಲೆ ಕೈಯಿಟ್ಟು ನಿಂತಳು. ಕೊಳ್ಳುವವಳೇ ಇದ್ದಳು. ಸಂಜೆ ಬರುವಾಗ ಒಯ್ಯುತ್ತೇನೆ ಎಂದು ಕೆಲಸಕ್ಕೆ ಹೋದಳು.

ಅಲ್ಲಿ ವಕೀಲರು ಕಾಯುತ್ತಿದ್ದರು. ಉದ್ದನೆಯ ಮನುಷ್ಯ, ಬಗ್ಗಿ ನಿಂತೇ ಕೋಟನ್ನು ಮುಂದೆ ಹಿಡಿದರು. ಹಿಂದಿನ ವಾರ ಅದರ ಬೆನ್ನಿನ ತೂತು ಮುಚ್ಚಿದ್ದಳು. ಒಳಹೊಲಿಗೆಯಲ್ಲಿ ಬಿಡಿಸುವಷ್ಟು ಎಳೆ ಇರಲಿಲ್ಲವಾದ್ದರಿಂದ ತನ್ನ ಉರುಳೆಯಿಂದ ಎಳೆ ತೆಗೆದಿದ್ದಳು.

"ರಫೂ ಅಕ್ಕ, ಬೇಜಾರು ಮಾಡ್ಕೋಬೇಡಿ," ಎಂದರು. "ಸಿಕ್ತು."

ಅವಳಿಗೆ ತಿಳಿಯಲಿಲ್ಲ. ಕೋಟನ್ನು ಹೊರಗೆ ಬಿಸಿಲಿಗೆ ಒಯ್ದಳು. ಊಟದ ಡಬ್ಬಿ ತಂದಿದ್ದ ಲಿಫ್ಟಣ್ಣ ಹೆಗಲ ಮೇಲಿಂದ ಇಣುಕಿದ. ಸುಮ್ಮನಿರಬೇಕೋ ಬೇಡವೋ ಎಂದು ಒಂದು ಕ್ಷಣ ನೋಡಿ, ಮೆಲ್ಲಗೆ ಹೇಳಿದ: "ಕೋಟು ಕಡುನೀಲಿ ಕಣೇ. ನೀನು ಹಾಕಿರೋದು ಕಪ್ಪು. ನೊಣ ಕೂತ ಹಾಗಿದೆ."

ಅವಳ ಕಣ್ಣಿಗೆ ಎರಡೂ ಒಂದೇ ಆಗಿತ್ತು.

ಹೇಳಿದ ಮಾತಿನಂತೆ ವಕೀಲರ ಕೂಲಿಯನ್ನು ಮರಳಿಸಿದಳು. ಅವರು ಬೇಡವೆಂದರೂ ಬಿಡಲಿಲ್ಲ. ಕೋಟನ್ನು ಮತ್ತೆ ಸರಿಮಾಡಲು ತನ್ನಲ್ಲೇ ಇಟ್ಟುಕೊಂಡಳು. ಅವರು ಹೋದ ಮೇಲೆ ಗಂಡ ಬಾಯಿ ತೆರೆಯುವ ಮೊದಲೇ, "ಕಣ್ಣಿನ ಡಾಕ್ಟ್ರ ಹೆಸರು ಮತ್ತೆ ಎತ್ತಿದ್ರೆ ನೋಡಿ," ಎಂದಳು. ಅವನು ಊಟದ ಡಬ್ಬಿಯನ್ನು ಅವಳ ಕಡೆ ಸರಿಸಿದ.

ಮಧ್ಯಾಹ್ನ, ತಾನೇ ಹಾಕಿದ್ದ ರಫೂ ಬಿಚ್ಚಲು ಕೂತಳು. ಎಳೆಗೆ ಬೇರೆ ಜಾಗ ಹುಡುಕಬೇಕಿತ್ತು. ಕೋಟಿನ ಕಾಲರನ್ನು ಮಗುಚಿದಳು. ಅಲ್ಲಿ ಬಟ್ಟೆ ಗಾಢವಾಗಿತ್ತು. ಹೆಗಲ ಮೇಲೆ, ಬಿಸಿಲು ಬೀಳುವ ಕಡೆ, ಬಿಳಿಚಿತ್ತು. ಬಣ್ಣ ಯಾವುದೆಂದು ಅವಳಿಗೆ ತಿಳಿಯದಿದ್ದರೂ ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎಂಬುದು ಚೆನ್ನಾಗಿ ತಿಳಿಯುತ್ತಿತ್ತು. ಎಷ್ಟೋ ಸಾವಿರ ಬಟ್ಟೆಗಳಲ್ಲಿ ನೋಡಿದ್ದ ಸಂಗತಿ ಅದು: ಬೆಳಕು ತಿಂದ ಜಾಗ ಮೇಲೆ, ಉಳಿದ ಬಣ್ಣ ಮಡಿಕೆಯೊಳಗೆ. ಸೂಜಿ ಹಾಗೇ ನಿಂತಿತು. ಹಸಿವಿನಿಂದ ಬಿಳಿಚಿದ್ದರೆ ಕೊಂಬೆಯ ಅಡಿ ಮೊದಲು ಬಿಳಿಚಬೇಕಲ್ಲ? ಬೆಳಕು ಕಡಿಮೆ ಬೀಳುವುದು ಅಲ್ಲೇ ತಾನೇ?

ಕೋಣೆಗೆ ಬೀಗ ಹಾಕಿ ಮನೆಗೆ ನಡೆದಳು. ಸಾಹುಕಾರನ ಅಂಗಡಿಯ ಮುಂದೆಯೇ ಹಾದು ಹೋದಳು, ಒಳಗೆ ತಿರುಗಿಯೂ ನೋಡಲಿಲ್ಲ.

ಕೈಗೆ ರಬ್ಬರಿನ ಗವಸು ಹಾಕಿ ಕೊಂಬೆಯನ್ನು ನೀರಿನಲ್ಲೇ ಮೆಲ್ಲಗೆ ಮಗುಚಿದಳು. ಅಡಿಭಾಗ ಕಂದಾಗಿಯೇ ಇತ್ತು, ತಂದ ದಿನ ಹೇಗಿತ್ತೋ ಹಾಗೇ. ಅದು ಹಸಿದಿರಲಿಲ್ಲ. ಸುಟ್ಟಿತ್ತು. ಸುಟ್ಟವಳು ತಾನೇ.

"ರೀ, ನಿಜ ಹೇಳಿ. ಗೋಡೆ ನೀಲಿ ಇದೆಯಾ?"

ಲಿಫ್ಟಣ್ಣ ಟೋಪಿ ತೆಗೆದ. "ಹದಿನೈದು ದಿನದಿಂದ ನಾನು ಸಮುದ್ರದೊಳಗೆ ಕೂತು ಊಟ ಮಾಡ್ತಿದೀನಿ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ತಮಾಷೆ ಸಾಕು ಅಂದೆ."

ಅವಳು ಸ್ಟೂಲಿನ ಮೇಲೆ ಕೂತಳು. ನೀಲಿ ಬೆಳಕು ಅವಳ ಕಣ್ಣನ್ನು ದಾಟಿ ಒಳಗೆ ಬರುತ್ತಿರಲಿಲ್ಲ, ಹವಳಕ್ಕೆ ಮಾತ್ರ ಪೂರ್ತಿ ತಲುಪುತ್ತಿತ್ತು. ತನಗೆ ಕತ್ತಲೆ ಎನಿಸಿದಷ್ಟೂ ಅದಕ್ಕೆ ಬೆಂಕಿ ಸುರಿದಿದ್ದಳು. ಇದನ್ನು ಒಪ್ಪಿಕೊಳ್ಳಲು ಅವಳಿಗೆ ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಹಿಡಿಯಿತು.

"ಒಂದು ದೀಪ ಕಿತ್ತುಹಾಕ್ಲಾ?" ಎಂದ ಗಂಡ.

"ಬೇಡ. ಕಿತ್ರೆ ಮತ್ತೆ ಶುಂಠಿ ಬಣ್ಣಕ್ಕೇ ಹೋಗತ್ತೆ. ಎರಡು ಬೇಕು. ಒಂದೇ ಸಲಕ್ಕೆ ಬೇಡ. ಎಷ್ಟು ಸಾಕು ಅಂತ ಅದೇ ಹೇಳ್ಲಿ. ಗುಂಡಿ ತಿರುಗಿಸಿ ನನ್ನ ಕಣ್ಣನ್ನ ಕೇಳಲ್ಲ ಇನ್ನು. ಬಟ್ಟೆಯಾದ್ರೆ ಪದರ ಎಣಿಸಬಹುದು."

ಮನೆಯಲ್ಲಿ ಬಿಳಿ ಬಲೆಬಟ್ಟೆ ಬೇಕಾದಷ್ಟಿತ್ತು. ಎರಡೂ ದೀಪಗಳ ಅಡಿಗೆ ಬರುವಂತೆ ಮರದ ಪಟ್ಟಿಯ ಚೌಕಟ್ಟು ಮಾಡಿಸಿ, ಅದಕ್ಕೆ ಬಲೆಯನ್ನು ಏಳು ಪದರ ಬಿಗಿದಳು. ಪ್ರತಿ ಪದರವನ್ನೂ ಬೇರೆಬೇರೆ ದಾರದಲ್ಲಿ ಕಟ್ಟಿದಳು, ಒಂದನ್ನು ಬಿಚ್ಚಿದರೆ ಇನ್ನೊಂದು ಅಲ್ಲಾಡಬಾರದು. ವಾರಕ್ಕೊಂದು ಪದರ ತೆಗೆಯುವುದು, ಕೊಂಬೆ ಮುನಿಸಿಕೊಂಡರೆ ತೆಗೆದದ್ದನ್ನು ಮರಳಿ ಹಾಕುವುದು.

"ಏಳನೇ ಮಹಡಿ," ಎಂದ ಲಿಫ್ಟಣ್ಣ, ಚೌಕಟ್ಟು ಏರಿಸಿ. ಗೋಡೆಯ ಕ್ಯಾಲೆಂಡರಿನಲ್ಲಿ ಏಳು ಎಂದು ಬರೆದ. ನಿವೃತ್ತಿಯಾದ ಮೇಲೆ ಅವನ ಮುಖದಲ್ಲಿ ಅಷ್ಟು ಕಳೆ ಬಂದದ್ದು ಅಂದೇ.

ಮಹಡಿ ಐದಕ್ಕೆ ಇಳಿದಿದ್ದ ವಾರ, ಮಧ್ಯಾಹ್ನ, ಬಾಗಿಲು ತಟ್ಟಿದ ಸದ್ದಾಯಿತು. ಉಪ್ಪುನೀರಿನ ಸಾಹುಕಾರ. ಒಂದು ಕೈಯಲ್ಲಿ ದೀಪದ ಡಬ್ಬಿ, ಇನ್ನೊಂದು ಕೈಯಲ್ಲಿ ಖಾಲಿ ಚೀಲ. ಎರಡು ಮಹಡಿ ಹತ್ತಿ ಬಂದದ್ದರಿಂದ ಮಾತಿಗಿಂತ ಮೊದಲು ಉಸಿರು ಒಳಗೆ ಬಂತು.

"ಸಂಜೆ ಬರ್ತೀನಿ ಅಂದವರು ಮೂರು ವಾರ ಆದ್ರೂ ಬರ್ಲಿಲ್ಲ. ನಾನೇ ಬಂದೆ." ತೊಟ್ಟಿಯ ಕಡೆ ತಿರುಗಿದವನು ಕೈ ಬಾಯಿಯ ಮೇಲಿಟ್ಟ. "ಇದೇನಕ್ಕ ಇದು? ತೊಟ್ಟಿಗೂ ಸೊಳ್ಳೆ ಪರದೆನಾ?"

"ಕೂತ್ಕೊಳ್ಳಿ. ಬೆಳಕು ಜಾಸ್ತಿ ಆಗಿ ಸುಟ್ಟಿತ್ತು. ಕಡಿಮೆ ಮಾಡಿ ಅಭ್ಯಾಸ ಮಾಡಿಸ್ತಿದೀನಿ."

"ಜಾಸ್ತಿ! ಎರಡು ದೀಪಕ್ಕೆ ಜಾಸ್ತಿ! ಸೊರಗಿರೋದನ್ನ ತಗೊಂಡು ಕತ್ತಲಲ್ಲಿ ಇಟ್ಟಿದೀರಲ್ಲ. ನೋಡಿ, ಇನ್ನೂ ಬಿಳಿ ಹಾಗೇ ಇದೆ."

ಅದು ನಿಜವಾಗಿತ್ತು. ಎರಡು ವಾರದಲ್ಲಿ ಬಣ್ಣ ಒಂದು ಸಾಸಿವೆಯಷ್ಟೂ ಮರಳಿರಲಿಲ್ಲ. ಅವಳೂ ದಿನಾ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಅದನ್ನೇ.

ಸಾಹುಕಾರ ದನಿ ಇಳಿಸಿದ. ಇಳಿಸಿದ ದನಿ ಇನ್ನೂ ಚುಚ್ಚಿತು. "ವಕೀಲರ ಕೋಟಿನ ವಿಷಯ ಕೇಳ್ದೆ ಅಕ್ಕ. ತಪ್ಪು ತಿಳೀಬೇಡಿ. ಕಣ್ಣು ಕಾಣ್ದೆ ಇರೋವಾಗ ಬೆಳಕಿನ ಲೆಕ್ಕ ನೀವು ಹಾಕೋದು ಬೇಡ. ಕೊಂಬೆ ಕೊಡಿ, ನಾನು ಬದುಕಿಸ್ತೀನಿ."

ಲಿಫ್ಟಣ್ಣ ಕುರ್ಚಿಯಿಂದ ಎದ್ದ. ಅವಳು ಕೈಸನ್ನೆಯಲ್ಲೇ ಅವನನ್ನು ಕೂರಿಸಿದಳು.

"ಹೌದು," ಎಂದಳು. "ನೀಲಿ ಕಾಣ್ತಿಲ್ಲ ನನಗೆ. ಎಷ್ಟು ದಿನದಿಂದ ಅಂತಾನೂ ಗೊತ್ತಿಲ್ಲ. ಊರಿಗೆಲ್ಲ ಹೇಳಿ, ಅಡ್ಡಿಯಿಲ್ಲ. ನಿಮ್ಮ ಕಣ್ಣು ಚೆನ್ನಾಗಿದೆ ತಾನೇ?"

"ದೇವರ ದಯೆ."

"ಹಾಗಾದ್ರೆ ಬಗ್ಗಿ. ಇನ್ನೂ ಬಗ್ಗಿ. ಅದರ ಅಡಿ ನೋಡಿ. ಯಾವ ಬಣ್ಣ?"

ಸಾಹುಕಾರ ಮೊಣಕಾಲೂರಿ ಗಾಜಿಗೆ ಕೆನ್ನೆ ಒತ್ತಿದ. "ಕಂದು ಇದೆ."

"ಬೆಳಕು ಸಾಲ್ದೆ ಬಿಳಿಚಿದ್ರೆ, ಬೆಳಕೇ ಬೀಳದ ಅಡಿ ಯಾಕೆ ಕಂದಾಗಿದೆ?"

ಅವನು ಎದ್ದು ಮೊಣಕಾಲು ಕೊಡವಿಕೊಂಡ. ಉತ್ತರ ಸಿಗದಾಗ ವ್ಯಾಪಾರಿ ಮಾಡುವುದನ್ನೇ ಮಾಡಿದ, ಮಾತನ್ನು ಬೇರೆ ಕಡೆಯಿಂದ ತಂದ. "ಇರಬಹುದು. ಆದ್ರೂ ಇದು ಸಾಯಬಹುದು ಅಕ್ಕ. ಸುಟ್ಟಿದ್ದೆಲ್ಲ ಚಿಗುರಲ್ಲ. ನನ್ನ ಹತ್ರ ದೊಡ್ಡ ತೊಟ್ಟಿ ಇದೆ, ಅನುಭವ ಇದೆ."

"ಸಾಯಬಹುದು," ಎಂದಳು ರಫೂ ಅಕ್ಕ. "ನಿಮ್ಮ ತಟ್ಟೇಲಿ ಬಿದ್ದಾಗ ಅದಕ್ಕೆ ಬಣ್ಣ ಇಲ್ಲ ಅಂದ್ರಿ. ನನ್ನ ಮನೆಗೆ ಬಂದ್ಮೇಲೆ ನಿಮ್ಮ ಅನುಭವ ನೆನಪಾಯ್ತಾ? ಸುಟ್ಟಿದ್ದು ನಾನು. ಮುಚ್ಚೋದೂ ನಾನೇ. ಸತ್ರೆ ಇಲ್ಲೇ ಸಾಯ್ಲಿ, ಆಗ ನಿಮ್ಮ ಅಂಗಡಿ ಮುಂದೆ ನಿಂತು ನಾನು ಸೋತೆ ಅಂತ ನಾನೇ ಹೇಳ್ತೀನಿ. ಈಗ ಕೊಡಲ್ಲ."

"ದೀಪಾನಾದ್ರೂ ಇಟ್ಕೊಳ್ಳಿ. ಬೇಡ ಅನ್ಸಿದ್ರೆ ಆಮೇಲೆ ಕೊಟ್ರಾಯ್ತು."

"ಮೂರನೇದು ಬೇಡ."

ಅವನು ಕೇಳದವನ ಹಾಗೆ ಡಬ್ಬಿಯನ್ನು ಬಾಗಿಲ ಪಕ್ಕ ಇಟ್ಟು ಮೆಟ್ಟಿಲಿಳಿದ. ಮನೆಯೊಳಗೆ ಒಂದು ವಾರ ಕೂತ ಸರಕು ಹಿಂದೆ ಬರುವುದಿಲ್ಲ ಎನ್ನುವುದು ಅವನ ಕಸುಬಿನ ತಿಳಿವಳಿಕೆ. ಅವಳಿಗೂ ಅದು ತಿಳಿದಿತ್ತು. ಡಬ್ಬಿ ಎತ್ತಿಕೊಂಡು ಎರಡು ಮಹಡಿ ಇಳಿದು, ಅವನು ಸ್ಕೂಟರಿಗೆ ಕೀಲಿ ಹಾಕುವಷ್ಟರಲ್ಲಿ ಅವನ ತೊಡೆಯ ಮೇಲಿಟ್ಟಳು.

"ಮರೆತು ಬಂದ್ರಿ," ಎಂದಳು.

ಮುಂದಿನ ವಾರ ಕೆಟ್ಟ ವಾರ. ನಾಲ್ಕನೇ ಮಹಡಿ. ಕೊಂಬೆಯ ಒಂದು ಕವಲು ಸತ್ತು ಅದರ ಮೇಲೆ ಹಸಿರು ಪಾಚಿ ಕೂತಿತು. ಲಿಫ್ಟಣ್ಣ ಅದನ್ನು ಮೊದಲು ಕಂಡರೂ ಹೇಳಲು ಅಂಜಿ, ತೊಟ್ಟಿಗೆ ದಿನದ ನೀರು ತುಂಬುವ ನೆಪದಲ್ಲಿ ಅಡ್ಡ ನಿಂತಿದ್ದ. ಅವಳು ಅವನನ್ನು ಪಕ್ಕಕ್ಕೆ ಸರಿಸಿ ನೋಡಿದಳು. ಇಕ್ಕಳದಿಂದ ಆ ಕವಲನ್ನು ಮುರಿದು ತೆಗೆದು, ಮಿಕ್ಕದ್ದನ್ನು ಮುಟ್ಟದೆ, ಆ ವಾರ ಪದರ ಬಿಚ್ಚುವುದನ್ನು ನಿಲ್ಲಿಸಿದಳು. ಕ್ಯಾಲೆಂಡರಿನಲ್ಲಿ ನಾಲ್ಕು ಎರಡು ಸಲ ಬಿತ್ತು.

ಮೆಟ್ಟಿಲ ಕೆಳಗಿನ ಕೋಣೆಯಲ್ಲೂ ಹೊಸ ವ್ಯವಸ್ಥೆ ಬಂತು. ಗಂಡನನ್ನು ಕೂರಿಸಿಕೊಂಡು ಉರುಳೆಗಳನ್ನೆಲ್ಲ ವಿಂಗಡಿಸಿದಳು. ಕಪ್ಪಿನ ತುದಿಗೆ ಒಂದು ಗಂಟು, ಕಡುನೀಲಿಗೆ ಎರಡು, ನೇರಳೆಗೆ ಮೂರು. ಬೆರಳಲ್ಲೇ ಗಂಟು ಎಣಿಸಿ ಎಳೆ ಆರಿಸುವುದನ್ನು ಕಲಿತಳು. ಹೊಸ ಗಿರಾಕಿಗೆ ಬಟ್ಟೆಯ ಬಣ್ಣವನ್ನು ಬಾಯಲ್ಲಿ ಹೇಳಿಸಿ ಚೀಟಿಯಲ್ಲಿ ಬರೆಸುತ್ತಿದ್ದಳು. "ಯಾಕೆ, ನಿಮಗೆ ಕಾಣಲ್ವಾ?" ಎಂದು ಒಬ್ಬ ಕೇಳಿದ. "ನಿಮಗೆ ಕಾಣತ್ತಾ ಅಂತ ನೋಡ್ತಿದೀನಿ," ಎಂದಳು. ವಕೀಲರ ಕೋಟು ಎರಡು ಗಂಟಿನ ಎಳೆಯಲ್ಲಿ ಸರಿಯಾಗಿ ಹೋಯಿತು. ಅವರು ಮತ್ತೆ ಹುಡುಕಿದರು. ಸಿಗಲಿಲ್ಲ.

ಮೂರನೇ ಮಹಡಿಯಲ್ಲಿ ಲಿಫ್ಟಣ್ಣ ಗಾಜಿನ ಮುಂದೆ ಕೂತವನು ಕೂಗಿದ. ಅಡಿಯ ಕಂದು ಬಣ್ಣ ಮೇಲಕ್ಕೆ ಏರಿತ್ತು. ಅರ್ಧ ಬೆರಳಿನಷ್ಟು. ಅವಳು ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ಬಂದು ನೋಡಿದಳು. ಗಾಢ ಎಲ್ಲಿ ಮುಗಿಯಿತು, ಬಿಳಿ ಎಲ್ಲಿ ಶುರುವಾಯಿತು ಎನ್ನುವುದು ಅವಳಿಗೂ ಕಂಡಿತು. ಎರಡನೇ ಮಹಡಿಗೆ ಬಿಳಿ ಪೂರ್ತಿ ಮಾಯವಾಗಿ, ಸಣ್ಣ ಬಾಯಿಗಳು ಹೊರಬಂದು ನೀರಿನ ಓಟಕ್ಕೆ ತಲೆಯಾಡಿಸತೊಡಗಿದವು. ಒಂದನೇ ಮಹಡಿಗೆ ಇಳಿಸಿದ ದಿನ ಮಧ್ಯಾಹ್ನದೊಳಗೆ ಅವು ಮತ್ತೆ ಒಳಸೇರಿದವು. ಅವಳು ಪದರವನ್ನು ಮರಳಿ ಬಿಗಿದಳು, ಅವು ಮರುದಿನ ಹೊರಬಂದವು.

"ಗ್ರೌಂಡ್ ಫ್ಲೋರ್ ಬರ್ಲಿಲ್ವಲ್ಲ," ಎಂದ ಲಿಫ್ಟಣ್ಣ, ಪೆನ್ನು ಹಿಡಿದು.

"ಇಲ್ಲೇ ಇಳಿಯೋದು. ಎರಡು ದೀಪ, ಎರಡು ಪದರ. ಇದಕ್ಕೆ ಇಷ್ಟೇ ಸಾಕು."

ಅದಾಗಿ ಮತ್ತೂ ಒಂದು ತಿಂಗಳು ಕಳೆಯಿತು. ಸಾಹುಕಾರ ಹೇಳಿದ್ದ ಮೂರು ತಿಂಗಳು ಮುಗಿದು ಹತ್ತು ದಿನವಾಗಿತ್ತು. ಅವಳು ಅಂಗಡಿಗೆ ಹೋಗಿ ಹೇಳಲಿಲ್ಲ. ಸೋತಿದ್ದರೆ ಹೋಗುವೆನೆಂದಿದ್ದಳು, ಗೆದ್ದರೆ ಹೋಗುವೆನೆಂದು ಹೇಳಿರಲಿಲ್ಲ.

ಒಂದು ಸಂಜೆ, ದೀಪ ಆರಿಸುವ ಹೊತ್ತಿಗೆ ಮೊದಲು, ಲಿಫ್ಟಣ್ಣ ಬಹಳ ಹೊತ್ತು ಗಾಜಿನ ಮುಂದೆ ಬಗ್ಗಿ ನಿಂತಿದ್ದ.

"ಏನ್ರೀ ಅದು?"

"ತುದಿ ಬಂದಿದೆ ಕಣೇ. ಹೊಸ ತುದಿ. ಬಣ್ಣ ಕಟ್ಟಿದೆ."

"ಯಾವ ಬಣ್ಣ?"

"ನೀಲಿ."

"ಎಂಥ ನೀಲಿ?"

ಇಪ್ಪತ್ತೆಂಟು ವರ್ಷ ಮಹಡಿಯ ಅಂಕಿ ಬಿಟ್ಟು ಬೇರೇನೂ ವರ್ಣಿಸದ ಮನುಷ್ಯ ಕಷ್ಟಪಟ್ಟ. "ಗ್ಯಾಸ್ ಒಲೆ ಸಣ್ಣಗೆ ಉರಿಸಿದಾಗ ಕೆಳಗಡೆ ಇರತ್ತಲ್ಲ, ಹಾಗೆ. ಅಲ್ಲ, ಅದಕ್ಕಿಂತ ಚೆನ್ನಾಗಿದೆ. ನನಗೆ ಹೇಳಕ್ಕೆ ಬರಲ್ಲ."

ಅವಳು ಮೂಗು ಗಾಜಿಗೆ ತಾಗುವಷ್ಟು ಬಗ್ಗಿದಳು. ತುದಿ ಕಂಡಿತು. ಬೂದಿಯ ಚೂರಿನ ಹಾಗೆ ಕಂಡಿತು. ಒಂದು ಕಡೆಯಿಂದ ನೋಡಿದಳು, ಇನ್ನೊಂದು ಕಡೆಯಿಂದ ನೋಡಿದಳು. ಬೂದಿಯೇ.

ನೆಟ್ಟಗಾಗಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ನಾಳೆ ಬೆಳಿಗ್ಗೆ ಬೇಗ ಏಳಿ. ಕಣ್ಣಿನ ಡಾಕ್ಟ್ರ ಹತ್ರ ಹೋಗ್ಬೇಕು."

ಅವನು ಪೆನ್ನನ್ನು ಜೇಬಿಗೆ ಹಾಕಿದ. ಗೆದ್ದ ಮುಖ ಮಾಡಬಾರದೆಂದು ಬಹಳ ಪ್ರಯತ್ನಪಟ್ಟ. "ಅಂತೂ ನನ್ನ ಮಾತು ಕೇಳಿದ್ಯಲ್ಲ."

"ನಿಮ್ಮ ಮಾತು ಯಾರು ಕೇಳಿದ್ರು? ಸುಟ್ಟು, ಮುಚ್ಚಿ, ಬೆಳೆಸಿದ್ದು ನಾನು. ನೋಡೋದು ನೀವೊಬ್ರೇನಾ?"